ಪರದೆಯ ಮೇಲಿನ ಚಲನೆ: ಅಗತ್ಯವೋ, ಆಡಂಬರವೋ?

ಗಣಕಯಂತ್ರ ಹಾಗೂ ಮೊಬೈಲ್ ಪರದೆಗಳು ಇಂದು ವರ್ತಕರಿಗೆ ಗಲ್ಲಾಪೆಟ್ಟಿಗೆಯಷ್ಟೇ ಅನಿವಾರ್ಯವಾಗಿವೆ. ಬಿಲ್ಲಿಂಗ್ ತಂತ್ರಾಂಶವನ್ನಾಗಲಿ, ಸಂಸ್ಥೆಯ ಜಾಲತಾಣವನ್ನಾಗಲಿ ಸಿದ್ಧಪಡಿಸಿಕೊಡುವವರು ಜಾರಿ ಬರುವ ಪುಟ, ಅರಳಿ ಮುಚ್ಚುವ ಮೆನು, ತಿರುಗುವ ಚಕ್ರಗಳನ್ನು ಹೆಮ್ಮೆಯಿಂದ ತೋರಿಸುತ್ತಾರೆ. ಇವುಗಳಿಗೆ ಹಣ ತೆರುವ ಉದ್ಯಮಿಯು ಇವುಗಳ ಪ್ರಯೋಜನವೇನೆಂದು ಕೇಳುವುದು ಮಾತ್ರ ವಿರಳ.

ಚಲನೆಗೆ ಉಪಯೋಗವಿದೆ ಎಂಬುದರಲ್ಲಿ ಎರಡು ಮಾತಿಲ್ಲ. ಬಿಲ್ಲಿನಿಂದ ತೆಗೆದುಹಾಕಿದ ಸಾಲು ಥಟ್ಟನೆ ಮಾಯವಾದರೆ ಯಾವುದು ಹೋಯಿತೆಂದು ಗುಮಾಸ್ತನಿಗೆ ತಿಳಿಯದು; ಪಕ್ಕಕ್ಕೆ ಸರಿದು ಹೋದರೆ ಕಣ್ಣಿಗೆ ಬೀಳುತ್ತದೆ. ಪರದೆ ವಿನ್ಯಾಸದ ತಜ್ಞರಾದ ಯಾಕೊಬ್ ನೀಲ್ಸನ್ ಅವರು 1993ರ ತಮ್ಮ ಗ್ರಂಥದಲ್ಲಿ ಮೂರು ಮಿತಿಗಳನ್ನು ವಿವರಿಸಿದ್ದಾರೆ. 0.1 ಸೆಕೆಂಡಿನೊಳಗಿನ ಪ್ರತಿಕ್ರಿಯೆ ತತ್‌ಕ್ಷಣವೆನಿಸುತ್ತದೆ; 1 ಸೆಕೆಂಡಿನವರೆಗೆ ಯೋಚನೆಯ ಓಟ ಕಡಿಯದು; 10 ಸೆಕೆಂಡು ಮೀರಿದರೆ ಗಮನ ಬೇರೆಡೆಗೆ ಹರಿಯುತ್ತದೆ. ಆದುದರಿಂದ ದೀರ್ಘ ಕೆಲಸ ನಡೆಯುವಾಗ ಎಷ್ಟು ಮುಗಿದಿದೆ ಎಂದು ತೋರಿಸುವ ಪಟ್ಟಿ ಅವಶ್ಯಕ.

ಆದರೆ ದಿನನಿತ್ಯದ ಕೆಲಸದಲ್ಲಿ ಇದೇ ಚಲನೆ ನಷ್ಟಕ್ಕೂ ಕಾರಣವಾಗಬಲ್ಲದು. ದಿನಕ್ಕೆ 400 ಬಿಲ್ಲು ಮಾಡುವ ಅಂಗಡಿಯೊಂದನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಪ್ರತಿ ಬಿಲ್ಲಿಗೆ ಮೂರು ಪರದೆಗಳು ಬದಲಾಗಿ, ಒಂದೊಂದಕ್ಕೂ ಅರ್ಧ ಸೆಕೆಂಡು ಕಾಯಬೇಕಾದರೆ ದಿನಕ್ಕೆ 600 ಸೆಕೆಂಡು, ಅಂದರೆ 10 ನಿಮಿಷ. ವರ್ಷದ 300 ಕೆಲಸದ ದಿನಗಳಿಗೆ 50 ಗಂಟೆ ವ್ಯರ್ಥ. ಮೊದಲ ದಿನ ಸೊಗಸೆನಿಸಿದ್ದು ನೂರನೆಯ ದಿನ ಗುಮಾಸ್ತನಿಗೂ ಸರತಿಯಲ್ಲಿ ನಿಂತ ಗಿರಾಕಿಗೂ ಕಿರಿಕಿರಿಯಾಗುತ್ತದೆ.

ಇದಕ್ಕಿಂತ ಗಂಭೀರವಾದುದು ಸತ್ಯಾಸತ್ಯತೆಯ ಪ್ರಶ್ನೆ. ಗಿರಾಕಿಯ ಮೊಬೈಲಿನಲ್ಲಿ ಹಸಿರು ಗುರುತು ಅರಳಿದ ಮಾತ್ರಕ್ಕೆ ಹಣ ಜಮೆಯಾಯಿತೆಂದು ಭಾವಿಸಲಾಗದು. ಆ ದೃಶ್ಯವನ್ನೇ ಅನುಕರಿಸುವ ನಕಲಿ ಆ್ಯಪ್‌ಗಳಿಂದ ವರ್ತಕರು ಮೋಸಹೋದ ಪ್ರಕರಣಗಳಿವೆ. ತಮ್ಮ ಖಾತೆಯ ಸಂದೇಶ ಅಥವಾ ಧ್ವನಿಪೆಟ್ಟಿಗೆಯ ಘೋಷಣೆಯೇ ಆಧಾರವಾಗಬೇಕು. ಈ ನಿಯಮ ವರ್ತಕರಿಗೂ ಅನ್ವಯಿಸುತ್ತದೆ. ರಿಯಾಯಿತಿ ಮುಗಿಯಿತೆಂದು ಓಡುವ ಗಡಿಯಾರವು ಪುಟ ತೆರೆದಾಗಲೆಲ್ಲ ಹೊಸದಾಗಿ ಆರಂಭವಾದರೆ ಅದು ಗ್ರಾಹಕರಿಗೆ ಹೇಳುವ ಸುಳ್ಳೇ ಸರಿ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯು ಇಂತಹ ಹುಸಿ ಅವಸರವನ್ನು ನಿಷೇಧಿತ ಕ್ರಮಗಳ ಪಟ್ಟಿಯಲ್ಲಿ ಸೇರಿಸಿದೆ.

ತಂತ್ರಾಂಶ ಖರೀದಿಸುವ ಮುನ್ನ ಉದ್ಯಮಿಗಳು ಮೂರು ಪ್ರಶ್ನೆ ಕೇಳುವುದು ಒಳಿತು: ಈ ಚಲನೆ ಏನನ್ನು ತಿಳಿಸುತ್ತದೆ? ಬೇಡವೆಂದರೆ ನಿಲ್ಲಿಸಲು ಸಾಧ್ಯವೇ? ಅಂಗಡಿಯ ಹಳೆಯ ಗಣಕಯಂತ್ರದಲ್ಲಿ ಎಷ್ಟು ಹೊತ್ತು ಹಿಡಿಯುತ್ತದೆ? ಪ್ರಾತ್ಯಕ್ಷಿಕೆಯನ್ನು ಮಾರಾಟಗಾರರ ಹೊಸ ಲ್ಯಾಪ್‌ಟಾಪಿನಲ್ಲಿ ನೋಡದೆ, ತಮ್ಮದೇ ಕೌಂಟರಿನಲ್ಲಿ, ಜನಸಂದಣಿಯ ವೇಳೆಯಲ್ಲಿ, ಬಿಲ್ಲು ಮಾಡುವ ಗುಮಾಸ್ತನಿಂದಲೇ ಮಾಡಿಸಿ ನೋಡಬೇಕು. ಖರೀದಿಯ ತೀರ್ಮಾನದಲ್ಲಿ ಆತನ ಅಭಿಪ್ರಾಯಕ್ಕೆ ಮೊದಲ ಮನ್ನಣೆ ಸಲ್ಲಬೇಕು.