ಬಂಧನದ ಭಯವಿದ್ದಲ್ಲಿ ರೋಗ ಬಚ್ಚಿಟ್ಟುಕೊಳ್ಳುತ್ತದೆ

ಸಾಂಕ್ರಾಮಿಕದ ಕಾಲದಲ್ಲಿ ನಿರಾಶ್ರಿತರಿಗೂ ಲಸಿಕೆ, ಚಿಕಿತ್ಸೆ ಕೊಡಬೇಕೇ ಎಂಬ ಪ್ರಶ್ನೆ ಎದ್ದಾಗಲೆಲ್ಲ ಚರ್ಚೆ ದಾನಧರ್ಮದ ಕಡೆಗೆ ಜಾರುತ್ತದೆ: ನಮ್ಮವರಿಗೇ ಸಾಲದಿರುವಾಗ ಅವರಿಗೇಕೆ? ಇದು ದಾನದ ಪ್ರಶ್ನೆಯೇ ಅಲ್ಲ. ಸೋಂಕನ್ನು ತಡೆಯಬೇಕಾದರೆ ಜ್ವರ ಬಂದವರು ತಾವಾಗಿ ಮುಂದೆ ಬರಬೇಕು. ಬಂದರೆ ಜೈಲು ಇಲ್ಲವೇ ಗಡೀಪಾರು ಎಂದಾದರೆ ಯಾರು ಬರುತ್ತಾರೆ? ಆದ್ದರಿಂದ ಆಸ್ಪತ್ರೆಗೂ ಪೊಲೀಸ್ ಠಾಣೆಗೂ ನಡುವೆ ಕಾನೂನಿನ ಗೋಡೆ ಇರಲೇಬೇಕು.

ಬಾಂಗ್ಲಾದೇಶದ ಕಾಕ್ಸ್ ಬಜಾರ್‌ನಲ್ಲಿ, ಮ್ಯಾನ್ಮಾರ್ ತೊರೆದು ಬಂದ ಎಂಟು ಲಕ್ಷಕ್ಕೂ ಹೆಚ್ಚು ರೋಹಿಂಗ್ಯಾಗಳು ಬಿದಿರು, ಟಾರ್ಪಾಲಿನ ಗುಡಿಸಲುಗಳಲ್ಲಿ ಒತ್ತೊತ್ತಾಗಿ ಬದುಕುತ್ತಿದ್ದರು. 2020ರ ಮೇ ತಿಂಗಳಲ್ಲಿ ಅಲ್ಲಿ ಮೊದಲ ಕೋವಿಡ್ ಸೋಂಕು ಪತ್ತೆಯಾದಾಗ ಶಿಬಿರಗಳಲ್ಲಿ ಇಂಟರ್‌ನೆಟ್ ಕಡಿತವಾಗಿ ತಿಂಗಳುಗಳೇ ಕಳೆದಿದ್ದವು. ನಿಜ ಸುದ್ದಿ ತಲುಪದ ಕಡೆ ವದಂತಿ ಹಬ್ಬಿತು: ಸೋಂಕು ಇದೆಯೆಂದು ತಿಳಿದರೆ ಎತ್ತಿಕೊಂಡು ಹೋಗುತ್ತಾರೆ, ಕೊಂದೇಬಿಡುತ್ತಾರೆ. ಕೆಮ್ಮಿದವರು ಆಸ್ಪತ್ರೆಗೆ ಹೋಗದೆ ಶಿಬಿರದ ಅಂಗಡಿಯಲ್ಲಿ ಮಾತ್ರೆ ಕೊಂಡು ಮನೆಮಂದಿಯ ನಡುವೆಯೇ ಮಲಗಿದರು. ವೈದ್ಯರಿದ್ದೂ ನಂಬಿಕೆ ಇರಲಿಲ್ಲ.

ನಮ್ಮಲ್ಲಿ ಆದದ್ದೇನು? 2021ರ ಮಾರ್ಚ್‌ನಲ್ಲಿ, ಎರಡನೇ ಅಲೆ ಏಳುವ ಹೊತ್ತಿಗೆ, ಜಮ್ಮುವಿನಲ್ಲಿ ದಾಖಲೆ ಪರಿಶೀಲನೆಗೆಂದು ಕರೆಸಿಕೊಂಡ ನೂರೈವತ್ತಕ್ಕೂ ಹೆಚ್ಚು ರೋಹಿಂಗ್ಯಾಗಳನ್ನು ಹೀರಾನಗರದ ಜೈಲಿಗೆ ಕಳುಹಿಸಲಾಯಿತು. ಮೇ ತಿಂಗಳಲ್ಲಿ ಗುರುತಿನ ಚೀಟಿ ಇಲ್ಲದವರಿಗೂ ಲಸಿಕೆ ಎಂಬ ಮಾರ್ಗಸೂಚಿ ಬಂತು. ಅದರಲ್ಲಿ ಅಲೆಮಾರಿಗಳು, ಕೈದಿಗಳು, ಭಿಕ್ಷುಕರ ಹೆಸರಿತ್ತು, ನಿರಾಶ್ರಿತರ ಹೆಸರಿರಲಿಲ್ಲ. ಆಗಸ್ಟ್‌ನಲ್ಲಿ ಲಸಿಕೆ ನೋಂದಣಿಯ ಕೋವಿನ್ ಪೋರ್ಟಲನ್ನು ವಿದೇಶಿಯರಿಗೆ ತೆರೆದಾಗ ಪಾಸ್‌ಪೋರ್ಟ್ ಕೇಳಿದರು. ಹುಟ್ಟಿದ ದೇಶವೇ ಪೌರತ್ವ ಕೊಡದವರ ಬಳಿ ಪಾಸ್‌ಪೋರ್ಟ್ ಎಲ್ಲಿಂದ ಬರಬೇಕು? ಇದಕ್ಕೆ ವಿರುದ್ಧವಾಗಿ, ನಮ್ಮದೇ ಬೈಲಕುಪ್ಪೆ, ಮುಂಡಗೋಡದ ಟಿಬೆಟನ್ನರಿಗೆ ನೆಲೆ, ನೋಂದಣಿ ಪತ್ರ, ಆಸ್ಪತ್ರೆ ಎಲ್ಲವೂ ಇವೆ. ಅದು ಹೆಮ್ಮೆಯ ಸಂಗತಿ. ಆದರೆ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕದ, ಸ್ವಂತ ಕಾಯ್ದೆಯನ್ನೂ ಮಾಡದ ದೇಶದಲ್ಲಿ ಯಾರಿಗೆ ಎಷ್ಟು ರಕ್ಷಣೆ ಎಂಬುದು ಸರ್ಕಾರದ ಮರ್ಜಿಗೆ ಬಿಟ್ಟ ಮಾತು.

ಲಸಿಕೆಯ ಕೊರತೆಯಿತ್ತು ಎಂಬ ಆಕ್ಷೇಪ ಆ ಮೇ ತಿಂಗಳ ಮಟ್ಟಿಗೆ ನಿಜ. ಆದರೆ 2017ರಲ್ಲಿ ಕೇಂದ್ರವೇ ಹೇಳಿದ ಅಂದಾಜಿನಂತೆ ದೇಶದಲ್ಲಿದ್ದ ರೋಹಿಂಗ್ಯಾಗಳು ಸುಮಾರು 40,000. ತಲಾ ಎರಡರಂತೆ ಬೇಕಿದ್ದದ್ದು ಹೆಚ್ಚೆಂದರೆ 80,000 ಡೋಸ್. 2021ರ ಸೆಪ್ಟೆಂಬರ್ 17ರ ಒಂದೇ ದಿನ ನಾವು ಕೊಟ್ಟದ್ದು ಎರಡು ಕೋಟಿಗೂ ಹೆಚ್ಚು. ಸೌಲಭ್ಯ ಕೊಟ್ಟರೆ ಇನ್ನಷ್ಟು ಜನ ನುಗ್ಗುತ್ತಾರೆ ಎನ್ನುವವರು 2017ರ ಆಗಸ್ಟ್ ಅನ್ನು ನೆನೆಯಲಿ: ಅಂದು ಜನ ಓಡಿಬಂದದ್ದು ಮ್ಯಾನ್ಮಾರ್ ಸೈನ್ಯದ ಗುಂಡಿಗೆ ಹೆದರಿ. ದೇಶದ ಭದ್ರತೆಗಾಗಿ ದಾಖಲೆ ಪರಿಶೀಲನೆ ಬೇಕೆಂದರೆ ಅದು ಅದರ ಕಚೇರಿಯಲ್ಲಿ ನಡೆಯಲಿ, ಲಸಿಕೆಯ ಸಾಲಿನಲ್ಲಿ ಬೇಡ. ಪೋರ್ಚುಗಲ್ 2020ರ ಮಾರ್ಚ್‌ನಲ್ಲೇ, ಅರ್ಜಿ ಇತ್ಯರ್ಥವಾಗದ ವಲಸಿಗರಿಗೂ ಆಶ್ರಯ ಕೋರಿದವರಿಗೂ ತಾತ್ಕಾಲಿಕ ವಾಸದ ಹಕ್ಕು ಕೊಟ್ಟು ಆಸ್ಪತ್ರೆಯ ಬಾಗಿಲು ತೆರೆಯಿತು.

ಸಂವಿಧಾನದ 21ನೇ ವಿಧಿಯ ರಕ್ಷಣೆ ನಾಗರಿಕರಲ್ಲದವರಿಗೂ ಇದೆ ಎಂಬುದನ್ನು ಸುಪ್ರೀಂ ಕೋರ್ಟ್, ಜಮ್ಮುವಿನ ಬಂಧಿತರ ಬಿಡುಗಡೆಗೆ ಒಪ್ಪದ ಆದೇಶದಲ್ಲೂ ಅಲ್ಲಗಳೆಯಲಿಲ್ಲ. ಆ ರಕ್ಷಣೆ ಕಾಗದದಿಂದ ಕೆಳಗಿಳಿಯಬೇಕಾದರೆ ಎರಡು ನಿಯಮ ಸಾಕು: ರೋಗಿಯ ಪೌರತ್ವವನ್ನು ಆರೋಗ್ಯ ಸಿಬ್ಬಂದಿ ಕೇಳಬಾರದು, ರೋಗಿಯ ಮಾಹಿತಿ ಪೊಲೀಸರಿಗೆ ಹೋಗಬಾರದು. ಮುಂದಿನ ಸಾಂಕ್ರಾಮಿಕ ಬಂದ ಮೇಲೆ ಇವನ್ನು ಬರೆದು ಫಲವಿಲ್ಲ. ನಂಬಿಕೆ ಹುಟ್ಟಲು ಕಾಲ ಬೇಕು, ಸೋಂಕು ಕಾಯುವುದಿಲ್ಲ.