ಗಂಟು ಕಟ್ಟುವಾಗ ಬಿಚ್ಚುವವರನ್ನು ನೆನೆಯೋಣ



ಈಚಿನ ವರ್ಷಗಳಲ್ಲಿ ನಮ್ಮವರಲ್ಲಿ ಒಂದು ಒಳ್ಳೆಯ ಅಭ್ಯಾಸ ಬೆಳೆದಿದೆ. ಹಿರಿಯರ ಪತ್ರಗಳು, ಮದುವೆ ಮುಂಜಿಗಳ ಛಾಯಾಚಿತ್ರಗಳು, ವಂಶಾವಳಿ, ಜಮೀನಿನ ಕಾಗದಪತ್ರಗಳ ನಕಲು, ಇವನ್ನೆಲ್ಲ ಗಣಕಯಂತ್ರಕ್ಕೆ ಏರಿಸಿ, ಒಂದೇ ಕಡತವಾಗಿ ಗಂಟು ಕಟ್ಟಿ, ಒಬ್ಬರಿಗೊಬ್ಬರು ಕಳುಹಿಸಿಕೊಳ್ಳುತ್ತಿದ್ದಾರೆ. ಇದು ಸಂತೋಷಪಡಬೇಕಾದ ವಿಷಯವೇ ಸರಿ. ಆದರೆ ಆ ಗಂಟನ್ನು ಇಪ್ಪತ್ತು ವರ್ಷಗಳ ನಂತರ ಬಿಚ್ಚಬೇಕಾದವರು ಯಾರು, ಅವರ ಕೈಯಲ್ಲಿ ಯಾವ ಸಾಧನವಿರುತ್ತದೆ ಎಂದು ಯೋಚಿಸುವವರು ವಿರಳ. ಇಂತಹ ಗಂಟುಗಳನ್ನು ಎಲ್ಲರಿಗೂ ತಿಳಿದ ಮುಕ್ತ ವಿಧಾನದಲ್ಲಿಯೇ ಕಟ್ಟಬೇಕು, ಅದನ್ನು ಲಿಖಿತ ಆದೇಶದ ಮೂಲಕ ಕಟ್ಟಿ ಬಿಚ್ಚಲು ಪ್ರತಿ ಮನೆಯಲ್ಲಿ ಒಬ್ಬರಾದರೂ ಕಲಿತಿರಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಹೀಗೆ ಹೇಳಲು ಕಾರಣವಿದೆ. ನನ್ನ ದೊಡ್ಡಪ್ಪನ ಮಗ, ನನಗೆ ಅಣ್ಣನಾಗಬೇಕಾದವರು, ನಿವೃತ್ತಿಯ ನಂತರದ ಹಲವು ವರ್ಷಗಳನ್ನು ನಮ್ಮ ಮನೆತನದ ವೃತ್ತಾಂತ ಬರೆಯುವುದಕ್ಕೆ ಮುಡಿಪಾಗಿಟ್ಟರು. ಊರೂರು ಅಲೆದು, ವೃದ್ಧರನ್ನು ಕಂಡು, ಕೇಳಿ ತಿಳಿದದ್ದನ್ನೆಲ್ಲ ಗಣಕದಲ್ಲಿ ಟೈಪು ಮಾಡಿದರು. ಯಾರೋ ಹಾಕಿಕೊಟ್ಟ ಬ್ಯಾಕಪ್ ತಂತ್ರಾಂಶದಿಂದ ಅದನ್ನೆಲ್ಲ ಕುಗ್ಗಿಸಿ ಒಂದು ಸಿಡಿಯಲ್ಲಿ ಇಟ್ಟರು. ಅವರು ತೀರಿಕೊಂಡರು, ಕೆಲವು ತಿಂಗಳಲ್ಲಿ ಆ ಗಣಕವೂ ಕೆಟ್ಟಿತು. ಸಿಡಿ ಇಂದಿಗೂ ಚೆನ್ನಾಗಿದೆ, ಅದರೊಳಗೆ ಕಡತವೂ ಇದೆ. ಆದರೆ ಅದನ್ನು ಬಿಚ್ಚಬಲ್ಲ ತಂತ್ರಾಂಶ ಈಗ ಎಲ್ಲಿಯೂ ಸಿಗುತ್ತಿಲ್ಲ, ಕಡತದ ರಚನೆಯನ್ನು ಅದರ ತಯಾರಕರು ಎಲ್ಲಿಯೂ ಪ್ರಕಟಿಸಿರಲಿಲ್ಲ. ಅವರ ಮಗಳು ಆ ಸಿಡಿಯನ್ನು ದೇವರ ಕೋಣೆಯ ಗೂಡಿನಲ್ಲಿ ಇಟ್ಟುಕೊಂಡಿದ್ದಾಳೆ. ತಂದೆ ಬರೆದದ್ದರಲ್ಲಿ ಒಂದು ಸಾಲನ್ನೂ ಅವಳಿಗೆ ಓದಲಾಗಿಲ್ಲ.

ಇದಕ್ಕೆ ಪ್ರತಿಯಾಗಿ 'ಟಾರ್' ಎಂಬ ಪುಟ್ಟ ಸಾಧನದ ಇತಿಹಾಸವನ್ನು ನೋಡಿ. ಅಮೆರಿಕದ ಬೆಲ್ ಪ್ರಯೋಗಾಲಯದ ಯುನಿಕ್ಸ್ ವ್ಯವಸ್ಥೆಯ ಏಳನೆಯ ಆವೃತ್ತಿಯೊಡನೆ 1979ರಲ್ಲಿ ಅದು ಹೊರಬಂದಿತು. ಕಡತಗಳನ್ನು ಕಾಂತೀಯ ಟೇಪಿನ ಮೇಲೆ ಸಾಲಾಗಿ ಜೋಡಿಸಿಡುವುದು ಅದರ ಕೆಲಸ; 'ಟೇಪ್ ಆರ್ಕೈವ್' ಎಂಬುದರ ಹ್ರಸ್ವರೂಪವೇ ಟಾರ್. ಟೇಪಿನ ಕಾಲ ಮುಗಿದರೂ ಟಾರ್ ಮುಗಿಯಲಿಲ್ಲ. ಲಿನಕ್ಸಿನಲ್ಲಿ ಅದಿದೆ, ಆಪಲ್ ಗಣಕಗಳಲ್ಲಿ ಇದೆ, 2018ರಿಂದ ವಿಂಡೋಸ್ 10ರೊಳಗೂ ಸೇರಿದೆ. ಕಡತದ ರಚನೆ ಎಲ್ಲರಿಗೂ ತಿಳಿದಿರುವುದರಿಂದ ಹಳೆಯ ಗಂಟನ್ನು ಇಂದಿನ ಸಾಧನವೂ ಬಿಚ್ಚುತ್ತದೆ. ಫಿಲ್ ಕಾಟ್ಜ್ ಎಂಬಾತ 1989ರಲ್ಲಿ 'ಜಿಪ್' ರಚನೆಯನ್ನು ರೂಪಿಸಿದಾಗ ಅದರ ವಿವರಣೆಯನ್ನು ಬಚ್ಚಿಡದೆ ಪ್ರಕಟಿಸಿದನು. ಆತ 2000ದಲ್ಲಿ, ಕೇವಲ 37ರ ವಯಸ್ಸಿನಲ್ಲಿ ತೀರಿಕೊಂಡನು. ಅವನ ಜಿಪ್ ಇಂದಿಗೂ ಲೋಕದ ತುಂಬ ಬಳಕೆಯಲ್ಲಿದೆ. ಸಾಧನಕ್ಕೆ ಆಯುಸ್ಸು ಬರುವುದು ಅದರ ಗುಟ್ಟನ್ನು ಹಂಚಿಕೊಂಡಾಗ.

ಟಾರ್ ಎಂದರೆ ತಾಳೆಗರಿಗಳಿಗೆ ರಂಧ್ರ ಕೊರೆದು ಪೋಣಿಸುವ ದಾರವಿದ್ದಂತೆ. ಅದು ಗರಿಗಳನ್ನು ಕ್ರಮವಾಗಿ ಒಂದು ಕಟ್ಟಾಗಿಸುತ್ತದೆಯೇ ಹೊರತು ಗಾತ್ರವನ್ನು ತಗ್ಗಿಸುವುದಿಲ್ಲ. ಗಾತ್ರ ತಗ್ಗಿಸುವುದು 'ಜಿಜಿಪ್' ಎಂಬ ಇನ್ನೊಂದು ಸಾಧನದ ಕೆಲಸ. ಅದನ್ನು ಜಾನ್‌ಲೂ ಗೈಲಿ ಮತ್ತು ಮಾರ್ಕ್ ಆಡ್ಲರ್ ಎಂಬಿಬ್ಬರು 1992ರಲ್ಲಿ ಹೊರತಂದರು. ಇದರ ಮೂಲತತ್ತ್ವ ನಮಗೆ ಹೊಸದಲ್ಲ. ಹಾಜರಿ ಪುಸ್ತಕದಲ್ಲಿ ಒಂದೇ ಮಾತು ಮತ್ತೆ ಮತ್ತೆ ಬಂದಾಗ 'ಮೇಲಿನಂತೆ' ಎಂದು ಬರೆಯುವುದಿಲ್ಲವೇ? ಲೆಂಪೆಲ್ ಮತ್ತು ಜಿವ್ ಎಂಬ ವಿದ್ವಾಂಸರು 1977ರಲ್ಲಿ ಪ್ರಕಟಿಸಿದ ವಿಧಾನವೂ ಅದೇ: 'ಇಷ್ಟು ಸ್ಥಾನ ಹಿಂದಕ್ಕೆ ಹೋಗು, ಅಲ್ಲಿಂದ ಇಷ್ಟು ಅಕ್ಷರ ನಕಲು ಮಾಡು' ಎಂಬ ಸೂಚನೆ. ಜಿಜಿಪ್ ಹೀಗೆ 32 ಕಿಲೋಬೈಟುಗಳವರೆಗೆ ಹಿಂತಿರುಗಿ ನೋಡುತ್ತದೆ.

ಇದರಿಂದ ಕನ್ನಡಿಗರಿಗೆ ಒಂದು ವಿಶೇಷ ಲಾಭವಿದೆ. ಯುನಿಕೋಡಿನ ರೂಢಿಯ ಬರವಣಿಗೆಯಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟು ಬೇಕು. ಅವುಗಳಲ್ಲಿ ಮೊದಲನೆಯದು ಸದಾ ಒಂದೇ, ಎರಡನೆಯದು ಎರಡೇ ಎರಡು ಬಗೆ. ಇಷ್ಟು ಪುನರಾವೃತ್ತಿ ಇರುವಲ್ಲಿ 'ಮೇಲಿನಂತೆ' ಎನ್ನುವ ಸಾಧನಕ್ಕೆ ಹಬ್ಬ. ಆದ್ದರಿಂದ ಕನ್ನಡದ ಸರಳ ಪಠ್ಯ ಬಹಳ ಚೆನ್ನಾಗಿ ಕುಗ್ಗುತ್ತದೆ. ಜೆಪೆಗ್ ಛಾಯಾಚಿತ್ರಗಳಾದರೋ ಮೊದಲೇ ಕುಗ್ಗಿಸಿದವು. ಹಿಂಡಿದ ಬಟ್ಟೆಯನ್ನು ಮತ್ತೆ ಹಿಂಡಿದಂತೆ, ಅವುಗಳಿಂದ ಹೆಚ್ಚೇನೂ ಇಳಿಯದು.

"ಸಾರ್, ಮೌಸಿನ ಬಲಗುಂಡಿ ಒತ್ತಿದರೆ ಗಂಟು ತಾನೇ ಆಗುತ್ತದಲ್ಲ, ಈ ವಯಸ್ಸಿನಲ್ಲಿ ಕಪ್ಪು ಪರದೆಯ ಮುಂದೆ ಕುಳಿತು ಅಕ್ಷರ ಕುಟ್ಟುವುದೇಕೆ?" ಎಂದು ನಿಮ್ಮಲ್ಲಿ ಕೆಲವರು ಕೇಳಿದ್ದೀರಿ. ನ್ಯಾಯವಾದ ಪ್ರಶ್ನೆ. ಗುಂಡಿಯಿಂದಲೂ ಕೆಲಸ ಆಗುತ್ತದೆ, ನಿಜ. ಆದರೆ ಗುಂಡಿ ಒತ್ತಿದ್ದಕ್ಕೆ ದಾಖಲೆ ಇರುವುದಿಲ್ಲ, ಗುಂಡಿಯ ಸ್ಥಾನ ಆವೃತ್ತಿಯಿಂದ ಆವೃತ್ತಿಗೆ ಬದಲಾಗುತ್ತದೆ. ಆದೇಶವಾದರೋ ಒಂದು ವಾಕ್ಯ. ಅದನ್ನು ನೋಟುಪುಸ್ತಕದಲ್ಲಿ ಬರೆದಿಡಬಹುದು, ಗಂಟಿನ ಜೊತೆಗೇ ಚೀಟಿಯಾಗಿ ಕಳುಹಿಸಬಹುದು, ದೂರದೇಶದಲ್ಲಿರುವ ಮಗ ತಾಯಿಗೆ ದೂರವಾಣಿಯಲ್ಲಿ ಉಕ್ತಲೇಖನ ಮಾಡಿಸಬಹುದು. ವ್ಯಾಕರಣ ಬಲ್ಲವನಿಗೆ ವಾಕ್ಯದ ಅರ್ಥ ಹೇಗೆ ವಶವಾಗುತ್ತದೆಯೋ ಹಾಗೆ, ಆದೇಶ ಬಲ್ಲವನಿಗೆ ಗಣಕ ಏನು ಮಾಡುತ್ತಿದೆ ಎಂಬುದು ತಿಳಿದಿರುತ್ತದೆ.

ಹಾಗಾದರೆ ಇಂದಿನ ಉಕ್ತಲೇಖನ ಬರೆದುಕೊಳ್ಳಿ. ಅಕ್ಷರಗಳನ್ನು ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಬೇಕು. ಮೊದಲು ಟಾರ್ ಎಂಬ ಪದ, ಜಾಗ, ಚಿಕ್ಕ ಅಡ್ಡಗೆರೆ, ಅದಕ್ಕೆ ಅಂಟಿಕೊಂಡಂತೆ ಸಿ ಝಡ್ ಎಫ್, ಮತ್ತೆ ಜಾಗ, ಗಂಟಿನ ಹೆಸರು, ಜಾಗ, ಕಟ್ಟಬೇಕಾದ ಫೋಲ್ಡರಿನ ಹೆಸರು. ಗಂಟಿನ ಹೆಸರು ಚುಕ್ಕಿ ಟಾರ್ ಚುಕ್ಕಿ ಜಿಝಡ್ ಎಂದು ಮುಗಿಯಲಿ. ಸಿ ಎಂದರೆ ರಚಿಸು, ಝಡ್ ಎಂದರೆ ಜಿಜಿಪ್‌ನಿಂದ ಕುಗ್ಗಿಸು, ಎಫ್ ಎಂದರೆ ಮುಂದೆ ಬರುವುದೇ ಗಂಟಿನ ಹೆಸರು. ಆದ್ದರಿಂದ ಎಫ್ ಕೊನೆಯಲ್ಲಿಯೇ ಬರಬೇಕು. ಇಲ್ಲಿ ಪದಕ್ರಮವೇ ಪ್ರಾಣ: ಎಫ್ ನಂತರ ನಿಮ್ಮಲ್ಲಿರುವ ಯಾವುದೋ ಮೂಲ ಕಡತದ ಹೆಸರು ಬಂದರೆ, ಟಾರ್ ಅದನ್ನೇ ಗಂಟೆಂದು ತಿಳಿದು ಅದರ ಮೇಲೆಯೇ ಬರೆದುಬಿಡುತ್ತದೆ.

ಸಿ ಇದ್ದಲ್ಲಿ ಟಿ ಹಾಕಿದರೆ ಗಂಟನ್ನು ಬಿಚ್ಚದೆಯೇ ಒಳಗಿನ ಪಟ್ಟಿ ಕಾಣುತ್ತದೆ. ಎಕ್ಸ್ ಹಾಕಿದರೆ ಗಂಟು ಬಿಚ್ಚುತ್ತದೆ. ಟಿ ಮೊದಲು, ಎಕ್ಸ್ ನಂತರ. ಈ ಕ್ರಮವನ್ನು ಎಂದಿಗೂ ತಪ್ಪಬಾರದು. ಕೆಲವರು ಫೋಲ್ಡರ್ ಇಲ್ಲದೆ ನೂರಾರು ಕಡತಗಳನ್ನು ಬಿಡಿಬಿಡಿಯಾಗಿ ಕಟ್ಟಿರುತ್ತಾರೆ. ಅದನ್ನು ಬಿಚ್ಚಿದರೆ ಮೂಟೆ ಒಡೆದು ರಾಗಿ ಚೆಲ್ಲಿದಂತೆ ನಿಮ್ಮ ಫೋಲ್ಡರಿನ ತುಂಬ ಹರಡಿಕೊಳ್ಳುತ್ತದೆ. ಅದಕ್ಕಿಂತ ಅಪಾಯವೆಂದರೆ, ಅದೇ ಹೆಸರಿನ ಕಡತ ನಿಮ್ಮಲ್ಲಿ ಮೊದಲೇ ಇದ್ದರೆ ಟಾರ್ ಕೇಳದೆಯೇ ಹಳೆಯದರ ಜಾಗದಲ್ಲಿ ಹೊಸದನ್ನು ಇಡುತ್ತದೆ. ಆದ್ದರಿಂದ ಒಂದು ಖಾಲಿ ಫೋಲ್ಡರನ್ನು ಮೊದಲೇ ಮಾಡಿಟ್ಟುಕೊಂಡು, ಆದೇಶದ ಕೊನೆಯಲ್ಲಿ ಅಡ್ಡಗೆರೆ, ದೊಡ್ಡ ಸಿ, ಜಾಗ, ಆ ಫೋಲ್ಡರಿನ ಹೆಸರು ಬರೆಯಿರಿ. ಗಂಟು ಅಲ್ಲಿಯೇ ಬಿಚ್ಚಿಕೊಳ್ಳುತ್ತದೆ.

ಒಳಗೇನಿದೆ ಎಂದು ನೋಡದೆ ಗಂಟನ್ನು ನಂಬಬಾರದು ಎಂಬುದಕ್ಕೆ ಲೋಕವೇ ಕಂಡ ನಿದರ್ಶನವಿದೆ. ಕುಗ್ಗಿಸುವ ಸಾಧನಗಳಲ್ಲಿಯೇ ಒಂದಾದ 'ಎಕ್ಸ್‌ಝಡ್'ನ ಎರಡು ಆವೃತ್ತಿಗಳಲ್ಲಿ ಯಾರೋ ಕಳ್ಳಬಾಗಿಲು ಇರಿಸಿದ್ದು 2024ರ ಮಾರ್ಚಿನಲ್ಲಿ ಬಯಲಾಯಿತು. ವರ್ಷಗಟ್ಟಲೆ ಒಳ್ಳೆಯ ಕೆಲಸ ಮಾಡಿ ವಿಶ್ವಾಸ ಗಳಿಸಿದವನೇ ಆ ಕೃತ್ಯ ಎಸಗಿದ್ದ. ಕೆಡುಕಿನ ಒಂದು ಮುಖ್ಯ ಭಾಗವನ್ನು ಹಂಚಿಕೆಯ ಟಾರ್ ಗಂಟಿನಲ್ಲಿ ಮಾತ್ರ ಸೇರಿಸಿದ್ದ. ಆಂಡ್ರೆಸ್ ಫ್ರಾಯಂಡ್ ಎಂಬ ತಂತ್ರಜ್ಞರು ತಮ್ಮ ಗಣಕದ ಒಳಪ್ರವೇಶಕ್ಕೆ ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದೆ ಎಂಬುದನ್ನು ಗಮನಿಸಿ, ಕಾರಣ ಹುಡುಕುತ್ತ ಹೋಗಿ ಇದನ್ನು ಪತ್ತೆಹಚ್ಚಿದರು. ಮುಕ್ತ ಸಾಧನದಲ್ಲಿಯೂ ಕಳ್ಳ ನುಗ್ಗಬಲ್ಲ ಎಂಬುದು ನಿಜವೇ. ಆದರೆ ಅದು ಮುಕ್ತವಾಗಿದ್ದುದರಿಂದಲೇ ಹೊರಗಿನವರೊಬ್ಬರು ಅದನ್ನು ಕೆದಕಿ ನೋಡಲು ಸಾಧ್ಯವಾಯಿತು.

ಇನ್ನು ಗಂಟು ಬಿಚ್ಚಿದರೂ ಓದಲಾಗದ ಸಂಕಟವೊಂದು ನಮ್ಮ ನುಡಿಗೆ ಅಂಟಿಕೊಂಡು ಬಂದಿದೆ. ಶೇಷಾದ್ರಿವಾಸು ಅವರ 'ಬರಹ' 1998ರಲ್ಲಿ ಬಂದ ಮೇಲೆ, ಬಳಿಕ ಕನ್ನಡ ಗಣಕ ಪರಿಷತ್ತಿನ 'ನುಡಿ'ಯೂ ದೊರೆತ ಮೇಲೆ, ನಮ್ಮಂತಹ ಸಾವಿರಾರು ಮಂದಿ ಗಣಕದಲ್ಲಿ ಕನ್ನಡ ಬರೆದೆವು. ಆ ಉಪಕಾರವನ್ನು ಮರೆಯಲಾಗದು. ಆದರೆ ಆ ಕಾಲದ ಬಹುಪಾಲು ಬರವಣಿಗೆ ಯುನಿಕೋಡಿನಲ್ಲಿರದೆ ಅಕ್ಷರವಿನ್ಯಾಸವನ್ನೇ ಅವಲಂಬಿಸಿತ್ತು. ಆ ಫಾಂಟ್ ಇಲ್ಲದ ಗಣಕದಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಪರಕೀಯ ಚಿಹ್ನೆಗಳು ಕಾಣುತ್ತವೆ. ಅಂತಹ ಬರಹಗಳನ್ನು ಯುನಿಕೋಡಿಗೆ ಪರಿವರ್ತಿಸಿ, ಒಮ್ಮೆ ಓದಿ ತಿದ್ದಿ, ಮೂಲವನ್ನೂ ಜೊತೆಗಿಟ್ಟು ಗಂಟು ಕಟ್ಟಿ. ಪರಿವರ್ತನೆ ಬಲ್ಲವರು ನಮ್ಮ ನಡುವೆ ಇರುವಾಗಲೇ ಈ ಕೆಲಸ ಮುಗಿಯಬೇಕು.

ಕೊನೆಯದಾಗಿ ಎಲ್ಲಕ್ಕಿಂತ ಮುಖ್ಯವಾದ ಮಾತು. ಗಂಟು ಕಟ್ಟಿದ ಕೂಡಲೇ ಜಾಗ ಉಳಿಯಿತೆಂದು ಮೂಲವನ್ನು ಅಳಿಸಬೇಡಿ. ಗಂಟನ್ನು ಇನ್ನೊಂದು ಗಣಕಕ್ಕೆ ಒಯ್ದು, ಖಾಲಿ ಫೋಲ್ಡರಿನಲ್ಲಿ ಬಿಚ್ಚಿ, ಕಡತಗಳನ್ನು ಎಣಿಸಿ, ಮೊದಲು ನಡುವೆ ಕೊನೆಯಲ್ಲಿ ಕೆಲವನ್ನಾದರೂ ತೆರೆದು ನೋಡಿ. ಕುಗ್ಗಿಸಿದ ಟಾರ್ ಗಂಟಿನ ನಡುವೆ ಒಂದೆಡೆ ಕೆಟ್ಟರೆ ಅಲ್ಲಿಂದ ಮುಂದಿನದೆಲ್ಲ ಸಾಮಾನ್ಯವಾಗಿ ಕೈತಪ್ಪುತ್ತದೆ. ಜಿಪ್‌ನಲ್ಲಿ ಪ್ರತಿ ಕಡತವನ್ನೂ ಬೇರೆಬೇರೆಯಾಗಿ ಕುಗ್ಗಿಸುವುದರಿಂದ ಹಾನಿ ಅಷ್ಟು ಹರಡದು. ಛಾಯಾಚಿತ್ರಗಳಿಗೆ ಜಿಪ್ ಸಾಕು. ಯಾವುದನ್ನು ಆರಿಸಿದರೂ ಎರಡು ಪ್ರತಿಗಳು ಎರಡು ಮನೆಗಳಲ್ಲಿರಲಿ. ಮನೆತನದ ಕಾಗದಗಳಿಗೆ ಗುಪ್ತಪದ ಹಾಕುವುದಾದರೆ ಅದನ್ನು ಕಾಗದದ ಮೇಲೆ ಬರೆದು ನಂಬಿಕಸ್ತರೊಬ್ಬರಿಗೆ ಕೊಡಿ. ನಿಮ್ಮ ನೆನಪು ನಿಮ್ಮೊಡನೆಯೇ ಹೊರಟುಹೋಗುತ್ತದೆ.

ಗಂಟಿನೊಳಗೆ ಒಂದು ಸರಳ ಪಠ್ಯದ ಕಡತವೂ ಇರಲಿ: ಕಟ್ಟಿದವರು ಯಾರು, ಯಾವ ದಿನಾಂಕ, ಒಳಗೆ ಏನೇನಿದೆ, ಚಿತ್ರದಲ್ಲಿರುವವರು ಎಡದಿಂದ ಬಲಕ್ಕೆ ಯಾರು ಯಾರು. ಬಿಚ್ಚುವ ಆದೇಶವನ್ನು ಮಾತ್ರ ಗಂಟಿನ ಹೊರಗೆ, ಒಂದು ಚೀಟಿಯಲ್ಲಿ ಬರೆದಿಡಿ. ಬೀಗದ ಕೈಯನ್ನು ಪೆಟ್ಟಿಗೆಯೊಳಗೇ ಇಟ್ಟು ಬೀಗ ಹಾಕುವವರುಂಟೇ?

ನಿಮ್ಮಲ್ಲಿ ಅನೇಕರು ಈ ವಿದ್ಯೆಯಲ್ಲಿಯೇ ಜೀವನ ಸಾಗಿಸುತ್ತಿರುವವರು, ಇದರಲ್ಲಿ ನನಗಿಂತ ಬಹಳ ಮುಂದೆ ಹೋದವರು. ನಿಮಗೆ ನಾನು ಕೊಡುವ ಮನೆಪಾಠ ಇಷ್ಟೇ. ಮುಂದಿನ ರಜೆಯಲ್ಲಿ ಊರಿಗೆ ಬಂದಾಗ ಮನೆಯ ಹಿರಿಯರ ಪಕ್ಕ ಕುಳಿತು, ಅವರ ಹಳೆಯ ಸಿಡಿ, ಪೆನ್‌ಡ್ರೈವುಗಳನ್ನು ಹೊರತೆಗೆಯಿರಿ. ಬಿಚ್ಚಲಾಗುವುದನ್ನು ಈಗಲೇ ಬಿಚ್ಚಿ, ಮುಕ್ತ ರೀತಿಯಲ್ಲಿ ಹೊಸದಾಗಿ ಕಟ್ಟಿ, ಆದೇಶದ ಚೀಟಿಯನ್ನು ಅವರ ಕೈಯಿಂದಲೇ ಬರೆಸಿ.