ನೋಡುವ ಕಣ್ಣು, ಬರೆಯುವ ಕೈ : ಕರ್ನಲ್ ಮೆಡೋಸ್ ಟೇಲರನ ಬಾಳಿನ ಪಾಠ

‘ದೇಶ ಸುತ್ತು, ಇಲ್ಲವೆ ಕೋಶ ಓದು’ ಎಂಬ ನಾಣ್ಣುಡಿ ನಮ್ಮ ಹಿರಿಯರ ಬಾಯಲ್ಲಿ ಸದಾ ನಲಿದಾಡುತ್ತ ಬಂದಿದೆ. ಆದರೆ ದೇಶ ಸುತ್ತಿದವರೆಲ್ಲರೂ ದೇಶವನ್ನು ಕಂಡರೆಂದು ಹೇಳುವಂತಿಲ್ಲ. ಕಂಡವರೆಲ್ಲರೂ ಕಂಡುದನ್ನು ಬರೆದಿಟ್ಟರೆಂದು ಹೇಳುವಂತೆಯೂ ಇಲ್ಲ. ಸುತ್ತಿದವನು ಬರೆದಾಗಲೇ ಅವನ ಸುತ್ತಾಟವು ಮುಂದಿನವರಿಗೆ ಕೋಶವಾಗುವುದು. ನೆಲದ ಮಕ್ಕಳು ಬರೆಯದೆ ಹೋದಲ್ಲಿ, ಆ ನೆಲದ ಕಥೆಯನ್ನು ಅನ್ಯರು ತಮಗೆ ಕಂಡಂತೆ ಬರೆಯುತ್ತಾರೆ. ಕಾಲ ಸರಿದಂತೆ ಅದೇ ಇತಿಹಾಸವೆನಿಸಿಕೊಳ್ಳುತ್ತದೆ. ಈ ಮಾತಿಗೆ ದೂರದ ನಿದರ್ಶನ ಬೇಕಿಲ್ಲ. ಇಂಗಳೇಶ್ವರದಿಂದ ಮೂಡಲಕ್ಕೆ ಹೊರಟು, ತಾಳಿಕೋಟೆಯನ್ನು ದಾಟಿ ಮುನ್ನಡೆದರೆ ಬೇಡ ನಾಯಕರ ಸುರಪುರ ಸಿಕ್ಕುತ್ತದೆ. ಅಲ್ಲಿಯ ಗುಡ್ಡದ ಮೇಲೆ ‘ಟೇಲರ್ ಮಂಜಿಲ್’ ಎಂಬ ಬಂಗಲೆಯಿದೆ. ಅದನ್ನು ಕಟ್ಟಿಸಿದ ಕರ್ನಲ್ ಫಿಲಿಪ್ ಮೆಡೋಸ್ ಟೇಲರನ ಬಾಳು ಈ ವಿಷಯದಲ್ಲಿ ಮೆಚ್ಚುಗೆಗೂ ಎಚ್ಚರಿಕೆಗೂ ಸಮನಾಗಿ ಯೋಗ್ಯವಾದುದು.

ಟೇಲರನು 1808ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ ಹುಟ್ಟಿದನು. 1824ರಲ್ಲಿ, ಹದಿನೈದರ ಬಾಲಕನಾಗಿದ್ದಾಗ, ಮುಂಬಯಿಯ ಒಂದು ವ್ಯಾಪಾರಿ ಮನೆತನದಲ್ಲಿ ಕೆಲಸಕ್ಕೆಂದು ಹಡಗು ಹತ್ತಿ ಬಂದನು. ಬಂದು ನೋಡಿದರೆ ಆ ವ್ಯಾಪಾರವೇ ಕುಸಿಯುತ್ತಲಿತ್ತು. ಬಂಧುವೊಬ್ಬನ ನೆರವಿನಿಂದ ಅದೇ ವರ್ಷ ಹೈದರಾಬಾದ್ ನಿಜಾಮನ ಸೈನ್ಯದಲ್ಲಿ ಅಧಿಕಾರಿಯಾದನು. ಇಪ್ಪತ್ತು ತುಂಬುವ ವೇಳೆಗೆ ತುಳಜಾಪುರದ ಸುತ್ತಿನ ಸೀಮೆಯಲ್ಲಿ ಪೊಲೀಸು ಅಧಿಕಾರವೂ ಅವನ ಪಾಲಿಗೆ ಬಂದಿತು. ದರೋಡೆಕೋರರ ಜಾಡು ಹಿಡಿದು ಕುದುರೆಯ ಮೇಲೆ ಹಳ್ಳಿಯಿಂದ ಹಳ್ಳಿಗೆ ತಿರುಗುವುದು ಅವನ ನಿತ್ಯದ ಉದ್ಯೋಗವಾಯಿತು. ಅಂಥ ಉದ್ಯೋಗದಲ್ಲಿದ್ದ ಸಾವಿರಾರು ಅಧಿಕಾರಿಗಳು ಬಂದು ಹೋದರು. ಟೇಲರನ ವಿಶೇಷವೆಂದರೆ, ಕರ್ತವ್ಯಕ್ಕಾಗಿ ತಿರುಗಿದ ದಾರಿಗಳನ್ನೇ ಅವನು ಪ್ರೀತಿಯಿಂದ ನೋಡಿದನು. ಜನರ ನುಡಿಗಳನ್ನು ಕಲಿತನು. ಕಾಯಿದೆ, ಭೂಗರ್ಭಶಾಸ್ತ್ರ, ಕಟ್ಟಡ ವಿದ್ಯೆಗಳನ್ನು ಗುರುವಿಲ್ಲದೆ ಓದಿಕೊಂಡನು. ಠಕ್ಕರನ್ನು ಕುರಿತು ಅವನು ಬರೆದ ಕಾದಂಬರಿ 1839ರಲ್ಲಿ ಲಂಡನ್ನಿನಲ್ಲಿ ಹೊರಬಂದು ಅವನ ಹೆಸರನ್ನು ಎಲ್ಲೆಡೆ ಹಬ್ಬಿಸಿತು.

1842ರಲ್ಲಿ ಸುರಪುರದ ಅರಸ ಕೃಷ್ಣಪ್ಪ ನಾಯಕನು ಗತಿಸಿದಾಗ ಮಗ ವೆಂಕಟಪ್ಪ ನಾಯಕನಿನ್ನೂ ಬಾಲಕ. ಸಂಸ್ಥಾನದ ಮೇಲ್ವಿಚಾರಣೆ ಟೇಲರನ ಕೈಗೆ ಬಂದು, 1853ರವರೆಗೆ ಅವನಲ್ಲಿಯೇ ಉಳಿಯಿತು. ಆ ಅವಧಿಯಲ್ಲಿ ಅವನು ಹೊಲಗಳನ್ನು ಅಳೆಯಿಸಿದನು, ದಾರಿಗಳನ್ನು ಮಾಡಿಸಿದನು, ಬೋನಾಳದ ಕೆರೆಯನ್ನು ಬಲಪಡಿಸಿದನು. ಇಂದು ಸಾವಿರಾರು ಹಕ್ಕಿಗಳು ಬಂದಿಳಿಯುವ ಪಕ್ಷಿಧಾಮ ಅದೇ ಕೆರೆ.

ಆಡಳಿತದ ನಡುವೆ ದೊರೆತ ಬಿಡುವನ್ನು ಅವನು ಕಲ್ಲುಗಳಿಗೆ ಕೊಟ್ಟನು. ರಾಜನಕೋಳೂರು, ಹಗರಟಗಿ, ಜೇವರ್ಗಿ ಮುಂತಾದ ಊರುಗಳ ಬಯಲಿನಲ್ಲಿ ನಿಂತಿದ್ದ, ಜನರು ಮೋರೇರ ಮನೆಗಳೆಂದು ಕರೆಯುತ್ತಿದ್ದ ಶಿಲಾಗೋರಿಗಳನ್ನು ಅಳೆದನು. ಶಹಾಪುರದ ಬಳಿಯ ವಿಭೂತಿಹಳ್ಳಿಯಲ್ಲಿ ಸಾಲುಸಾಲಾಗಿ ನೆಟ್ಟ ಗುಂಡುಗಳ ನಕ್ಷೆಯನ್ನು ಬರೆದನು. ಗೋರಿಗಳನ್ನು ಅಗೆಯಿಸಿದಾಗ ಸಿಕ್ಕ ಒಡವೆಗಳನ್ನು ಎತ್ತಿಕೊಂಡು ಹೋಗುವುದಷ್ಟೇ ಅಂದಿನ ರೂಢಿ. ಟೇಲರನಾದರೋ ಮಣ್ಣಿನ ಯಾವ ಪದರಿನಲ್ಲಿ ಮಡಕೆಯಿತ್ತು, ಯಾವುದರಲ್ಲಿ ಎಲುಬಿತ್ತು ಎಂಬುದನ್ನು ಚಿತ್ರ ಬರೆದು ತೋರಿಸಿದನು. 1944ರಿಂದ 1948ರವರೆಗೆ ಭಾರತದ ಪುರಾತತ್ವ ಇಲಾಖೆಯ ಮಹಾನಿರ್ದೇಶಕನಾಗಿದ್ದು, ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಗೆತ ನಡೆಸಿದ ಮಾರ್ಟಿಮರ್ ವೀಲರನು, ನೂರು ವರ್ಷಗಳ ಹಿಂದಿನ ಆ ಚಿತ್ರಗಳನ್ನು ಕಂಡು ಅವು ತಮ್ಮ ಕಾಲವನ್ನು ಮೀರಿದ ಕೆಲಸವೆಂದು ಕೊಂಡಾಡಿದನು. ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತದ ಒಬ್ಬ ಸಿಪಾಯಿ ಅಧಿಕಾರಿ, ನೋಡುವುದರಲ್ಲಿ ಶಿಸ್ತನ್ನು ತಂದುದರಿಂದಲೇ ಇಷ್ಟನ್ನು ಸಾಧಿಸಿದನೆಂಬುದನ್ನು ಶಿಕ್ಷಕರು ಮರೆಯಬಾರದು.

ಆರೋಗ್ಯ ಕೆಟ್ಟು 1860ರಲ್ಲಿ ಅವನು ನಿವೃತ್ತನಾಗಿ ತಾಯ್ನಾಡಿಗೆ ಮರಳಿದನು. ನಿವೃತ್ತಿಯೆಂದರೆ ವಿಶ್ರಾಂತಿಯೆಂದು ಅವನು ಬಗೆಯಲಿಲ್ಲ. ಆದಿಲಶಾಹಿ ಕಾಲದ ವಿಜಯಪುರವನ್ನು ಹಿನ್ನೆಲೆಯಾಗುಳ್ಳ ‘ತಾರಾ’ ಕಾದಂಬರಿಯನ್ನು 1863ರಲ್ಲಿ ಪ್ರಕಟಿಸಿದನು. ವಿಜಯಪುರದ ಕಟ್ಟಡಗಳನ್ನು ಕುರಿತ ಗ್ರಂಥಕ್ಕೂ, ಧಾರವಾಡ ಮತ್ತು ಮೈಸೂರು ಸೀಮೆಯ ಶಿಲ್ಪವನ್ನು ಕುರಿತ ಗ್ರಂಥಕ್ಕೂ ವಿವರಣೆಗಳನ್ನು ಬರೆದನು. ಎರಡೂ 1866ರಲ್ಲಿ ಅಚ್ಚಾದವು. ಚಾಂದಬೀಬಿಯ ಕಥೆಯೂ ಅವನ ಲೇಖನಿಯಿಂದ ಬಂದಿತು. ದೃಷ್ಟಿ ಮಂದವಾದ ಕಡೆಗಾಲದಲ್ಲಿ ಮತ್ತೊಮ್ಮೆ ಭಾರತಕ್ಕೆ ಬಂದು, ಹಿಂದಿರುಗುವಾಗ 1876ರ ಮೇ ತಿಂಗಳಲ್ಲಿ ಫ್ರಾನ್ಸಿನ ಮೆಂಟನ್ ಎಂಬಲ್ಲಿ ತೀರಿಕೊಂಡನು. ಮರುವರ್ಷ ಅವನ ಮಗಳು ತಂದೆಯ ಆತ್ಮಕಥೆಯನ್ನು ಪ್ರಕಟಿಸಿದಳು.

ಇಲ್ಲಿಯವರೆಗಿನದು ಮೆಚ್ಚುಗೆಯ ಮಾತು. ಇನ್ನು ಎಚ್ಚರಿಕೆಯ ಮಾತು. ಟೇಲರನ ಮೇಲ್ವಿಚಾರಣೆಯಲ್ಲಿ ಬೆಳೆದ ವೆಂಕಟಪ್ಪ ನಾಯಕನು ಅವನನ್ನು ‘ಅಪ್ಪ’ ಎಂದೇ ಕರೆಯುತ್ತಿದ್ದನು. ಅದೇ ವೆಂಕಟಪ್ಪನು 1858ರಲ್ಲಿ ಕಂಪನಿ ಸರಕಾರದ ವಿರುದ್ಧ ಕತ್ತಿ ಹಿರಿದನು. ಸೋತು, ಹೈದರಾಬಾದಿನಲ್ಲಿ ಸೆರೆಸಿಕ್ಕಿದನು. ಶಿಕ್ಷೆಯು ಕೊನೆಗೆ ನಾಲ್ಕು ವರ್ಷಗಳ ಸೆರೆವಾಸಕ್ಕೆ ಇಳಿಯಿತು. ಆದರೆ ಚೆಂಗಲ್ಪಟ್ಟಿನ ಕೋಟೆಗೆ ಸಾಗಿಸುವ ದಾರಿಯಲ್ಲಿಯೇ ಆ ತರುಣ ಅರಸನು ಗುಂಡು ತಗುಲಿ ಮಡಿದನು. ಅದು ಆತ್ಮಹತ್ಯೆಯೋ, ಆಕಸ್ಮಿಕವೋ, ಮತ್ತೇನೋ ಎಂಬ ವಾದ ಇಂದಿಗೂ ಮುಗಿದಿಲ್ಲ. ಸಂಸ್ಥಾನವು ಅಳಿಯಿತು, 1860ರಲ್ಲಿ ಅದನ್ನು ನಿಜಾಮನಿಗೆ ಒಪ್ಪಿಸಲಾಯಿತು.

ಈ ದುರಂತವನ್ನು ಅರಿಯಬಯಸುವ ಓದುಗನು ಇಂದಿಗೂ ಬಹುಮಟ್ಟಿಗೆ ಟೇಲರನ ಆತ್ಮಕಥೆಯನ್ನೇ ಆಶ್ರಯಿಸಬೇಕಾಗಿದೆ. ಅದರಲ್ಲಿ ಬಾಲಕ ಅರಸನ ಮೇಲೆ ಮಮತೆಯುಂಟು. ತಾಯಿ ರಾಣಿ ಈಶ್ವರಮ್ಮನ ಮೇಲೆ ಕಟುವಾದ ಮಾತುಗಳುಂಟು. ಆ ಮಮತೆ ನಿಜವಾದುದೇ ಇರಬಹುದು. ಆದರೂ ಅದು ಆಳುವವನ ಮಮತೆ; ಆ ಮಾತುಗಳು ಅಧಿಕಾರವುಳ್ಳವನ ಮಾತುಗಳು. ರಾಣಿಯು ತನ್ನ ಪಕ್ಷವನ್ನು ಹೇಳಿ ಬರೆಸಿದ ಪುಸ್ತಕವಿಲ್ಲ. ವೆಂಕಟಪ್ಪನ ಸಂಗಡ ಹೋರಾಡಿದ ಬೇಡ ವೀರನು ಬರೆದಿಟ್ಟ ದಿನಚರಿಯೂ ಇಲ್ಲ. ಲಾವಣಿಯ ಕಂಠದಲ್ಲಿ ಉಳಿದುದೆಷ್ಟೋ ಅಷ್ಟೇ. ಹೀಗೆ ಒಂದು ಸಂಸ್ಥಾನದ ಅಳಿವಿಗೆ ಅದರ ಮೇಲ್ವಿಚಾರಕನೇ ಮುಖ್ಯ ಸಾಕ್ಷಿಯಾದನು. ಇದಕ್ಕೆ ಟೇಲರನನ್ನು ದೂರುವುದು ಸುಲಭ. ಆದರೆ ಬರೆದವನ ತಪ್ಪಿಗಿಂತ ಬರೆಯದವರ ನಷ್ಟ ದೊಡ್ಡದು.

ನಮ್ಮವರಾರೂ ಬರೆಯಲಿಲ್ಲವೆಂದೇನೂ ಅಲ್ಲ. ವಿಜಯಪುರದಲ್ಲಿ ವಕೀಲರಾಗಿದ್ದ ಡಾ. ಫ. ಗು. ಹಳಕಟ್ಟಿಯವರು ಊರೂರು ತಿರುಗಿ ಓಲೆಗರಿಗಳನ್ನು ಅರಸಿ ತಂದು 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಬೆಳಕಿಗೆ ತಂದರು. ಅಂದಿನ ಇಂಡಿ ತಾಲೂಕಿನ ಹಲಸಂಗಿಯಲ್ಲಿ ಮಧುರಚೆನ್ನರು ಮತ್ತು ಅವರ ಗೆಳೆಯರು ಬೀಸುಕಲ್ಲಿನ ಮುಂದೆ ಕುಳಿತ ತಾಯಂದಿರ ಹಾಡುಗಳನ್ನು ಬರೆದುಕೊಂಡು 1931ರಲ್ಲಿ ‘ಗರತಿಯ ಹಾಡು’ ಸಂಕಲನವನ್ನು ನಾಡಿಗೆ ಕೊಟ್ಟರು. ಇವರಾರಿಗೂ ಸರಕಾರದ ಕುದುರೆಯಿರಲಿಲ್ಲ, ಅಧಿಕಾರವಿರಲಿಲ್ಲ. ಕಾಲ್ನಡಿಗೆ, ಕಾಗದ, ನೆಲದ ಮೇಲಿನ ಪ್ರೀತಿ ಇಷ್ಟೇ ಇದ್ದ ಬಂಡವಾಳ. ಟೇಲರನ ಶಿಸ್ತು ಮತ್ತು ಇವರ ಆತ್ಮೀಯತೆ ಒಂದುಗೂಡಿದರೆ ಅದೇ ನಿಜವಾದ ಪ್ರವಾಸ.

ಇಂದಿನ ಶಾಲೆಗಳ ಪ್ರವಾಸವನ್ನು ಈ ಒರೆಗಲ್ಲಿಗೆ ಹಚ್ಚಿ ನೋಡಬೇಕಾಗಿದೆ. ವರ್ಷಕ್ಕೊಮ್ಮೆ ಬಸ್ಸು ಹೊರಡುತ್ತದೆ. ಮೂರು ದಿನಗಳಲ್ಲಿ ಹತ್ತು ಊರುಗಳು ಮುಗಿಯುತ್ತವೆ. ಮಕ್ಕಳು ಬಳಲಿ ಮರಳುತ್ತಾರೆ. ಅದೇ ಮಕ್ಕಳಿಗೆ ತಮ್ಮ ಊರ ಅಗಸಿಯ ಮಗ್ಗುಲಿನ ವೀರಗಲ್ಲು ಯಾರದೆಂದು ತಿಳಿದಿರುವುದಿಲ್ಲ. ಮಾದಲಾಂಬಿಕೆಯ ತವರೆಂದು ನಾಡು ನೆನೆಯುವ ಇಂಗಳೇಶ್ವರದಲ್ಲಿ ವಚನಗಳನ್ನು ಕಲ್ಲಿನಲ್ಲಿ ಕೊರೆಯಿಸಿ ಶಿಲಾಮಂಟಪವನ್ನೇ ನಿಲ್ಲಿಸಲಾಗಿದೆ. ಬರೆದಿಡುವುದರ ಬೆಲೆಯನ್ನು ಇಂಥ ಊರಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ.

ಕಾಲವೂ ಕಾಯುವುದಿಲ್ಲ. ಆಲಮಟ್ಟಿಯ ಹಿನ್ನೀರಿನಲ್ಲಿ ಹಳೆಯ ಕೊಲ್ಹಾರದಂಥ ಊರುಗಳೇ ಮುಳುಗಿದವು. ಅವುಗಳ ಓಣಿ, ಕಟ್ಟೆ, ಗುಡಿಗಳ ನಕ್ಷೆ ಎಷ್ಟು ಮನೆಗಳಲ್ಲಿದೆ? ಜಲಾಶಯದ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಲು ನ್ಯಾಯಾಧಿಕರಣವು 2010ರಲ್ಲಿ ಸಮ್ಮತಿಸಿದೆ. ಅದು ಕಾರ್ಯಗತವಾದರೆ ಇನ್ನಷ್ಟು ಊರುಗಳು ಸ್ಥಳ ಬಿಡಬೇಕಾಗುತ್ತದೆ. ಆ ಊರುಗಳನ್ನು ನಡೆದು ನೋಡಿ, ಹಿರಿಯರ ಮಾತುಗಳನ್ನು ಬರೆದುಕೊಳ್ಳುವ ಕೆಲಸ ಪ್ರೌಢಶಾಲೆಯ ವಿದ್ಯಾರ್ಥಿಗಳ ಕೈಗೆ ಮೀರಿದುದಲ್ಲ.

ಹಳೆಯ ವಿದ್ಯಾರ್ಥಿಗಳಿಗೂ ಇದರಲ್ಲಿ ಪಾಲಿದೆ. ಈ ಜಿಲ್ಲೆಯಿಂದ ಸೈನ್ಯ ಸೇರಿದವರು ಹಿಮಾಲಯದ ಮಂಜನ್ನೂ ರಾಜಸ್ಥಾನದ ಮರಳನ್ನೂ ಕಂಡು ಬಂದಿದ್ದಾರೆ. ನಿವೃತ್ತರಾಗಿ ಹೊಲ ನೋಡಿಕೊಂಡೋ, ಬ್ಯಾಂಕಿನ ಬಾಗಿಲು ಕಾಯ್ದುಕೊಂಡೋ ದಿನ ಕಳೆಯುವ ಅವರ ಅನುಭವವನ್ನು ಕೇಳುವವರಿಲ್ಲ. ಶಿಕ್ಷಕರು ಅವರನ್ನು ಶಾಲೆಗೆ ಕರೆಯಿಸಿ, ಅವರ ಮಾತನ್ನು ಮಕ್ಕಳಿಂದ ಬರೆಯಿಸಬೇಕು. ದಾನಿಗಳು ಒಂದು ಕೋಣೆಯನ್ನು ಕಟ್ಟಿಸಿದಂತೆಯೇ, ಇಂಥ ಬರಹಗಳನ್ನು ಕಾಯ್ದಿಡಲು ವಾಚನಾಲಯದಲ್ಲಿ ಒಂದು ಕಪಾಟನ್ನು ಕೊಡಿಸಬೇಕು. ಅದಕ್ಕೆ ಬೇಕಾಗುವ ಹಣ ಅಲ್ಪ. ಇಲ್ಲದಿದ್ದರೆ ಆಗುವ ಹಾನಿಯನ್ನು ಮಾತ್ರ ಮುಂದೆ ಯಾವ ದಾನದಿಂದಲೂ ತುಂಬಲಾಗದು. ಸುರಪುರಕ್ಕೆ ಒದಗಿದ ಆ ಕೊರತೆ ಈ ಸೀಮೆಯ ಉಳಿದ ಊರುಗಳಿಗೆ ಒದಗದಿರಲಿ.